ಟ್ರೇಲರ್ ನಿಲ್ಲಿಸುವ ಯಾರ್ಡ್: ನಾಲ್ಕು ಚಳಿಗಾಲ ಕಳೆದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್. ಯಾಕೆ ಅಂತ ಹೇಳುತ್ತೇನೆ.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. 22 ಅಡಿಯ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ (ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ) ಕೊಂಡ ವಾರದಲ್ಲೇ ಬಡಾವಣೆಯ ಸಂಘದಿಂದ ಪತ್ರ ಬಂತು. ಮನೆ ಮುಂದೆ ಎರಡು ರಾತ್ರಿಗಿಂತ ಜಾಸ್ತಿ ನಿಲ್ಲಿಸುವ ಹಾಗಿಲ್ಲವಂತೆ. ಹಾಗಾಗಿ ಹದಿನೆಂಟು ನಿಮಿಷ ದೂರದ ಈ ಸ್ಟೋರೇಜ್ ಯಾರ್ಡ್ ಹಿಡಿದೆವು. ಮೊದಲ ವರ್ಷ ಬಯಲಲ್ಲಿ, ಜಲ್ಲಿ ನೆಲದ ಮೇಲೆ, ತಿಂಗಳಿಗೆ 60 ಡಾಲರ್. ಆಮೇಲೆ ಸೂರಿನ ಕೆಳಗೆ, 105 ಡಾಲರ್. ಸೂರು ಅಂದರೆ ಬರೀ ತಗಡಿನ ಚಪ್ಪರ, ಗೋಡೆ ಇಲ್ಲ. ಆದರೂ ಆ 45 ಡಾಲರಿಗೆ ಬೆಲೆ ಇದೆ. ಟ್ರೇಲರ್‌ನ ಚಾವಣಿಯ ಸಂದಿಗಳಲ್ಲಿ ನೀರು ಸೋರದಂತೆ ಮೆತ್ತಿರುವ ಸೀಲಂಟ್ ಬಿಸಿಲಿಗೂ ಹಿಮಕ್ಕೂ ಬಿರುಕು ಬಿಡುತ್ತದೆ. ಬಯಲಲ್ಲಿದ್ದ ವರ್ಷ ಎರಡು ಕಡೆ ನಾನೇ ಏಣಿ ಹತ್ತಿ ಮೆತ್ತಿದ್ದೆ. ಈಗ ಆ ಕೆಲಸವಿಲ್ಲ.

ಒಳ್ಳೆಯದು ಮೊದಲು. ಗೇಟಿಗೆ ಕೋಡ್ ಇದೆ, ರಾತ್ರಿ ಹನ್ನೊಂದಕ್ಕೂ ಒಳಗೆ ಹೋಗಬಹುದು. ಕೊಳಚೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಅಲ್ಲೇ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. ಭಾನುವಾರ ಸಂಜೆ ಸುಸ್ತಾಗಿ ಬಂದವರಿಗೆ ಅದು ದೊಡ್ಡ ಉಪಕಾರ.

ಕೆಟ್ಟದ್ದು: ಹಿಮ ತೆಗೆಯುತ್ತೇವೆ ಅನ್ನುತ್ತಾರೆ, ಆದರೆ ಮುಖ್ಯ ದಾರಿಯದ್ದು ಮಾತ್ರ. ದಾರಿಯ ಹಿಮವೆಲ್ಲ ಬಂದು ಗುಡ್ಡೆಯಾಗುವುದು ನಮ್ಮ ಗಾಡಿಯ ಮುಂದೆ. ಎರಡನೇ ವರ್ಷ ಯಾರೋ ರಿವರ್ಸ್ ಮಾಡುವಾಗ ನಮ್ಮ ಹಿಂದಿನ ಮೂಲೆಗೆ ಗುದ್ದಿ ಹೋಗಿದ್ದರು. ಕ್ಯಾಮೆರಾ ಇದೆಯಲ್ಲ ಅಂತ ಕೇಳಿದರೆ, ಅದು ಗೇಟನ್ನು ಮಾತ್ರ ನೋಡುತ್ತದೆ ಅಂದರು. ಸೇರುವ ಮುಂಚೆ ಕ್ಯಾಮೆರಾ ಎಲ್ಲಿ ನೋಡುತ್ತದೆ ಅಂತ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ.

ಇನ್ನೊಂದು ಕೊರತೆ ಕರೆಂಟು. ಪ್ಲಗ್ ಪಾಯಿಂಟ್ ಇಲ್ಲವೇ ಇಲ್ಲ. ಎಲ್ಲ ಸ್ವಿಚ್ ಆರಿಸಿದರೂ ಗ್ಯಾಸ್ ಸೋರಿಕೆ ಪತ್ತೆ ಮಾಡುವ ಡಿಟೆಕ್ಟರ್ ಸುಮ್ನೆ ಕೂತು ಬ್ಯಾಟರಿ ಕುಡಿಯುತ್ತಿರುತ್ತದೆ. ಚಾರ್ಜ್ ಪೂರ್ತಿ ಇಳಿದ ಲೆಡ್ ಆಸಿಡ್ ಬ್ಯಾಟರಿ ಮೈನಸ್ ಏಳೆಂಟು ಡಿಗ್ರಿಗೇ ಹೆಪ್ಪುಗಟ್ಟಬಹುದು. ಚಾರ್ಜ್ ತುಂಬಿದ್ದರೆ ಮೈನಸ್ 50ರಲ್ಲೂ ಏನೂ ಆಗುವುದಿಲ್ಲ. ಮೊದಲ ಚಳಿಗಾಲದಲ್ಲಿ ಇದು ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನೋಡಿದರೆ ಬ್ಯಾಟರಿಯ ಪಕ್ಕ ಉಬ್ಬಿ ಸೀಳಿತ್ತು. ಈಗ ಅಕ್ಟೋಬರ್ ಕೊನೆಗೆ ಬಿಚ್ಚಿ ಮನೆಗೆ ತಂದು, ಗ್ಯಾರೇಜಿನಲ್ಲಿ ಚಾರ್ಜಿಗೆ ಹಾಕಿಡುತ್ತೇವೆ.

ಅದೇ ವರ್ಷ ನೀರಿನ ಕೊಳವೆಯೂ ಒಡೆದಿತ್ತು. ಅದು ಯಾರ್ಡಿನ ತಪ್ಪಲ್ಲ, ನನ್ನದೇ. ಚಳಿಗೆ ಮುಂಚೆ ಟ್ಯಾಂಕೆಲ್ಲ ಖಾಲಿ ಮಾಡಿ, ಕೊಳವೆಗೆ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಝ್ (ಇಂಥ ಗಾಡಿಗಳಿಗೆಂದೇ ಇರುವ, ಚಳಿಗೆ ಕೊಳವೆ ಒಡೆಯದಂತೆ ಕಾಯುವ ದ್ರವ) ತುಂಬಬೇಕು. ಕಾರಿಗೆ ಹಾಕುವುದನ್ನು ಮುಟ್ಟಬೇಡಿ, ಅದು ವಿಷ. ವಾಟರ್ ಹೀಟರಿನೊಳಗೆ ಹೋಗದಂತೆ ತಡೆಯುವ ಬೈಪಾಸ್ ವಾಲ್ವ್ ತಿರುಗಿಸಿದರೆ ನಮ್ಮಂಥ ಗಾಡಿಗೆ ಎರಡು ಮೂರು ಗ್ಯಾಲನ್ ಸಾಕು. ಮರೆತರೆ ಹೀಟರೊಂದೇ ಆರು ಗ್ಯಾಲನ್ ನುಂಗುತ್ತದೆ. ಆ ವರ್ಷ ಒಂದೊಂದೇ ನಲ್ಲಿ ಬಿಟ್ಟು ಗುಲಾಬಿ ಬಣ್ಣ ಬರುವವರೆಗೆ ಕಾದೆ. ಅಡುಗೆಮನೆ, ಬಚ್ಚಲು, ಕಕ್ಕಸು, ಎಲ್ಲ ಆಯಿತು. ಗಾಡಿಯ ಹೊರಗಡೆ ಕಾಲು ತೊಳೆಯಲು ಒಂದು ಪುಟ್ಟ ಶವರ್ ಇದೆ ಅನ್ನುವುದೇ ಮರೆತುಹೋಗಿತ್ತು. ವಸಂತದಲ್ಲಿ ಪಂಪ್ ಹಾಕಿದ ಕೂಡಲೇ ಗೋಡೆಯೊಳಗಿಂದ ಕಾರಂಜಿ!

ಈಗ ಇಲಿ. ಯಾರ್ಡಿನ ಹಿಂದೆ ಜೋಳದ ಹೊಲ. ಕೊಯ್ಲಾದ ಮೇಲೆ ಅಲ್ಲಿನ ಇಲಿಗಳಿಗೆ ನಮ್ಮ ಗಾಡಿಗಳೇ ಛತ್ರ. ನ್ಯಾಫ್ತಲೀನ್ ಗುಳಿಗೆ ಇಟ್ಟು ನೋಡಿದೆವು. ಇಲಿಯೂ ಬಂತು, ವಾಸನೆ ಜೂನ್‌ವರೆಗೂ ಹೋಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಸ್ಟೀಲ್ ವುಲ್, ಅಂದರೆ ಉಕ್ಕಿನ ನಾರಿನ ಉಂಡೆ. ಟಾರ್ಚ್ ಹಿಡಿದು ಗಾಡಿಯ ಅಡಿಯಲ್ಲಿ ಮಲಗಿ, ಕೊಳವೆ, ವೈರು ಒಳಗೆ ಹೋಗುವ ಒಂದೊಂದು ಸಂದಿಗೂ ತುರುಕಿದೆ.

ಆದರೆ ಇಲಿಗೆ ನಿಜವಾದ ಆಹ್ವಾನ ಕೊಟ್ಟವರು ನಾವೇ. ಮುಂದಿನ ಟ್ರಿಪ್ಪಿಗೆ ಇರಲಿ ಅಂತ ರವೆ, ಅವಲಕ್ಕಿ, ರಾಗಿಹಿಟ್ಟು ಎಲ್ಲ ಕಪಾಟಿನಲ್ಲೇ ಬಿಟ್ಟಿದ್ದೆವು. ಈಗ ನಮ್ಮಲ್ಲಿ ಎರಡು ಡಬ್ಬಿ ಪದ್ಧತಿ. ಒಂದು ಗಾಡಿಯಲ್ಲೇ ಉಳಿಯುತ್ತದೆ: ತಟ್ಟೆ, ಲೋಟ, ಸೌಟು, ಬಾಣಲೆ, ಮೂರು ಲೀಟರಿನ ಕುಕ್ಕರ್. ಇನ್ನೊಂದು ಪ್ರತಿ ಸಲವೂ ಮನೆಗೆ ವಾಪಸ್: ಒಗ್ಗರಣೆ ಡಬ್ಬಿ, ಹುಳಿಪುಡಿ, ಗೊಜ್ಜು, ಉಪ್ಪಿನಕಾಯಿ, ಹಿಟ್ಟುಗಳು. ನೀರಿರುವ ಯಾವ ಬಾಟಲಿಯನ್ನೂ ಚಳಿಗೆ ಬಿಡುವುದಿಲ್ಲ. ಹುಣಸೆ ರಸದ ಗಾಜಿನ ಬಾಟಲಿ ಒಡೆದು ಡ್ರಾಯರ್ ತುಂಬ ಹರಡಿದ್ದನ್ನು ಒಮ್ಮೆ ಕೆರೆದವರಿಗೆ ಗೊತ್ತು ಅದರ ಕಷ್ಟ. ಹಾಸಿಗೆ ಬಟ್ಟೆ, ಟಿಶ್ಯೂ ಪೇಪರ್ ಕೂಡ ಮನೆಗೆ. ಅವು ಇಲಿಯ ಬಾಣಂತಿ ಕೋಣೆಗೆ ಸಾಮಾನು.

ಕುಕ್ಕರ್ ಯಾಕೆ ಗಾಡಿಯಲ್ಲೇ ಅಂದರೆ, ಮೊದಲು ಮನೆಯದನ್ನೇ ಒಯ್ಯುತ್ತಿದ್ದೆವು. ಮಿಷಿಗನ್ನಿನ ಉತ್ತರ ಭಾಗದ ಟಕ್ವಾಮೆನನ್ ಜಲಪಾತಕ್ಕೆ ಹೋದಾಗ ಐದು ಗಂಟೆ ಓಡಿಸಿ, ಮ್ಯಾಕಿನಾ ಸೇತುವೆ ದಾಟಿ, ರಾತ್ರಿ ಮುಚ್ಚಳ ತೆಗೆದರೆ ಗ್ಯಾಸ್ಕೆಟ್ಟೇ ಇಲ್ಲ. ಬೇಳೆ ಬೇಯುವ ಹೊತ್ತಿಗೆ ಮಕ್ಕಳು ಬ್ರೆಡ್ ತಿಂದು ಮಲಗಿದ್ದರು. ಮಾರನೇ ದಿನ ಜಲಪಾತದ ನೀರು ಸೀಡರ್ ಮರಗಳ ಜೌಗಿನಿಂದ ಬಂದು ಡಿಕಾಕ್ಷನ್ ಬಣ್ಣದಲ್ಲಿ ಬೀಳುತ್ತಿತ್ತು. ನನ್ನಾಕೆ ಅದನ್ನು ನೋಡಿ, "ನಿಮ್ಮ ನಿನ್ನೆಯ ಸಾರೇ ಇದಕ್ಕಿಂತ ತೆಳು ಇತ್ತು" ಅಂದಳು. ಈಗ ಕಪಾಟಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೇವೆ. ಮೊದಲ ಸಾಲು: ಗ್ಯಾಸ್ಕೆಟ್.

ಟೈರಿನ ಬಗ್ಗೆಯೂ ಒಂದು ಮಾತು. ಓಡದಿದ್ದರೂ ಟೈರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದನ್ನು ನಾನು ಹೈವೇಗೆ ಒಯ್ಯುವುದಿಲ್ಲ, ಟೈರಿನ ಮೇಲಿನ ಟ್ರೆಡ್ ಎಷ್ಟೇ ಚೆನ್ನಾಗಿರಲಿ.

ಈ ಸೆಪ್ಟೆಂಬರಿನಲ್ಲಿ ಬಾಡಿಗೆ 118 ಡಾಲರಿಗೆ ಏರಿತು. ಬೇರೆ ಎರಡು ಕಡೆ ವಿಚಾರಿಸಿದೆ. ಒಂದರಲ್ಲಿ ಪ್ಲಗ್ ಪಾಯಿಂಟ್ ಇದೆ, ಆದರೆ 200ರ ಹತ್ತಿರ. ಇನ್ನೊಂದರಲ್ಲಿ ಕಾಯುವವರ ಪಟ್ಟಿಯೇ ಉದ್ದ. ಇಲ್ಲೇ ಇನ್ನೊಂದು ವರ್ಷಕ್ಕೆ ಸಹಿ ಹಾಕಿದೆ. ಜೋಳದ ಹೊಲದಿಂದ ದೂರದ ಸಾಲಿನಲ್ಲಿ ಜಾಗ ಕೇಳಿದ್ದೇನೆ, ನವೆಂಬರಿಗೆ ಕೊಡುತ್ತೇವೆ ಅಂದಿದ್ದಾರೆ.