ಸ್ಟ್ರೆಸ್ ಅಳೆಯುವ ವಾಚು: ನಿದ್ದೆಗೆ ಸರಿ, ಮಿಕ್ಕಿದ್ದಕ್ಕೆ ಅಷ್ಟಕ್ಕಷ್ಟೆ

ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ನನ್ನದು. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು, ಸೆಪ್ಟೆಂಬರ್ ಬಂತೆಂದರೆ ಟ್ಯಾಕ್ಸ್ ಆಡಿಟ್. ಕಳೆದ ಸೀಸನ್‌ಗೆ ಮುಂಚೆ ತಮ್ಮ ಈ ಸ್ಮಾರ್ಟ್‌ವಾಚ್ ಕೊಡಿಸಿದ. "ಅಕ್ಕ, ಕೆಲಸ ಜಾಸ್ತಿ ಆದ್ರೆ ಇದೇ ಹೇಳುತ್ತೆ" ಅಂದ. ಕಂಪನಿ ಹೆಸರು ಬೇಡ ಬಿಡಿ. ಸ್ಟ್ರೆಸ್ ಸ್ಕೋರ್ ಕೊಡುವ ವಾಚುಗಳೆಲ್ಲ ಹೆಚ್ಚುಕಮ್ಮಿ ಹೀಗೇ.

ಹಿಂಬದಿಯ ಹಸಿರು ದೀಪ ಮಣಿಕಟ್ಟಿನಲ್ಲಿ ನಾಡಿ ಹಿಡಿಯುತ್ತದೆ. ಆರಾಮಾಗಿದ್ದಾಗ ಎರಡು ಬಡಿತದ ನಡುವಿನ ಅಂತರ ಏರಿಳಿಯುತ್ತಿರುತ್ತದೆ, ಒತ್ತಡದಲ್ಲಿ ಆ ಏರಿಳಿತ ಕಮ್ಮಿ. ಅದರ ಮೇಲೆ ಒಂದು ಅಂಕಿ ಕೊಡುತ್ತದೆ. ಆದರೆ ಸ್ಟ್ರಾಂಗ್ ಕಾಫಿ ಕುಡಿದರೂ, ಜ್ವರ ಬಂದರೂ ಅಂಕಿ ಬದಲಾಗುತ್ತದೆ.

20ನೇ ತಾರೀಖು ಸಂಜೆ ಪೋರ್ಟಲ್ ಸುತ್ತುತ್ತಲೇ ಇತ್ತು. ಕ್ಲೈಂಟ್ ಕನ್ನಡಕ ಹುಡುಕಿ ಓಟಿಪಿ ಓದುವಷ್ಟರಲ್ಲಿ ಟೈಮ್ ಮುಗಿದಿತ್ತು. ಆಗ ವಾಚು ಗುರ್ರ್ ಅಂದು, ಒಂದು ನಿಮಿಷ ಉಸಿರಾಡಿ ಅಂತ ತೋರಿಸಿತು. ಬಿಚ್ಚಿ ಡ್ರಾಯರಿಗೆ ಹಾಕಿದೆ.

ಅದಿರಲಿ, ನಿಜವಾದ ಕೊರತೆ ಬೇರೆ. ಬರ್ನೌಟ್ ಕಾಯಿಲೆಯಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಲಕ್ಷಣ ಮೂರು: ತ್ರಾಣವೇ ಇಲ್ಲದಂತಾಗುವುದು, ಕೆಲಸದ ಮೇಲೆ ಮನಸ್ಸು ಮುರಿಯುವುದು, ಮೊದಲಿನಂತೆ ಕೆಲಸ ಸಾಗದಿರುವುದು. ವಾಚಿಗೆ ಕಾಣುವುದು ಮೊದಲನೆಯದರ ಒಂದು ಚೂರು. ಒಬ್ಬ ಕಿರಾಣಿ ಅಂಗಡಿಯವರು ಬಿಲ್ಲುಗಳನ್ನು ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ತುಂಬಿ ತರುತ್ತಾರೆ. "ಏನ್ ಸಾವ್ಕಾರ್ರೇ, ಈ ಸಲ ಬಿಸ್ಕತ್ತೂ ಇದೆಯಾ?" ಅಂತ ಮೊದಲೆಲ್ಲ ರೇಗಿಸುತ್ತಿದ್ದೆ. ಸೆಪ್ಟೆಂಬರ್ ಕೊನೆಗೆ ಅವರ ಹೆಸರು ಕಂಡರೆ ಫೋನ್ ಬೋರಲು ಹಾಕುತ್ತಿದ್ದೆ. ಇನ್‌ವಾಯ್ಸ್ ಮೊತ್ತ ಎಷ್ಟು ಸಲ ಓದಿದರೂ ತಲೆಗೆ ಇಳಿಯುತ್ತಿರಲಿಲ್ಲ. ಭಾನುವಾರ ಸ್ನಾನವನ್ನೂ ಮಾಡದೆ ಗೋಡೆ ಕಡೆ ತಿರುಗಿ ಮಲಗಿದ್ದೆ. ಸ್ಕೋರ್ ಏನು ಗೊತ್ತಾ? "ಆರಾಮ". ಹಸಿರು ಬಣ್ಣ ಬೇರೆ!

ಮೆಚ್ಚಿದ್ದು ನಿದ್ದೆಯ ಚಾರ್ಟು. ನಾಲ್ಕು, ನಾಲ್ಕೂವರೆ ಗಂಟೆಯ ಮೋಟು ಪಟ್ಟಿಗಳು ಸಾಲಾಗಿ ನಿಂತಿದ್ದವು. ನಮ್ಮ ಸಾರ್‌ಗೆ ತೋರಿಸಿದೆ. "ರಾತ್ರಿ ಮೊಬೈಲ್ ನೋಡೋದು ಬಿಡಮ್ಮ" ಅಂದರು. ಈ ವಾಚು ಹೆಜ್ಜೆ ಎಣಿಸುತ್ತದೆ, ದುಡಿದ ಗಂಟೆ ಎಣಿಸುವುದಿಲ್ಲ ನೋಡಿ. ಅದನ್ನು ಡೈರಿಯಲ್ಲಿ ನಾನೇ ಬರೆದಿಡಲು ಶುರು ಮಾಡಿದೆ. ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ದಾಟಿದವರಿಗೆ ಪಾರ್ಶ್ವವಾಯು ಅಪಾಯ ಶೇ. 35 ಜಾಸ್ತಿ ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಲೆಕ್ಕ ಹಾಕಿದ್ದವು. ನನ್ನ ಡೈರಿಯಲ್ಲಿ 55ಕ್ಕಿಂತ ಕಮ್ಮಿಯ ವಾರ ಹುಡುಕಬೇಕಿತ್ತು. ಅದನ್ನೇ ಸಾರ್ ಮುಂದಿಟ್ಟೆ. ಲೆಕ್ಕದವರಿಗೆ ಲೆಕ್ಕವೇ ನಾಟುವುದು, ಅಲ್ವಾ? ಈ ಸಲ ಕೆಲಸಕ್ಕೆ ಇನ್ನಿಬ್ಬರು ಆರ್ಟಿಕಲ್ಸ್ ಹುಡುಗರು (ಸಿಎ ಓದುತ್ತಾ ತರಬೇತಿಗೆ ಬರುವವರು) ಬಂದಿದ್ದಾರೆ.

ನಿದ್ದೆ ನೋಡಲು, ವಾಕಿಂಗಿಗೆ ತಗೊಳ್ಳಿ, ಪರವಾಗಿಲ್ಲ. ಸ್ಟ್ರೆಸ್ ಸ್ಕೋರ್ ನೆಚ್ಚಿಕೊಂಡು ಜಾಸ್ತಿ ದುಡ್ಡಿನ ಮಾಡೆಲ್ ಬೇಡ. ಬೆಲ್ಟು ಬೆವರಿಗೆ ಕೆರೆತ ತರುತ್ತದೆ, ಬಟ್ಟೆಯದು ಬೇರೆ ಹಾಕಿಸಿಕೊಳ್ಳಿ.