ಬೆರಳಚ್ಚಿಗೆ ಬೀಗ: ಆಧಾರ್ ಬಯೋಮೆಟ್ರಿಕ್ ಲಾಕ್ ಜೊತೆ ಎರಡು ವರ್ಷ

2023ರಲ್ಲಿ ಕೆಂಗೇರಿ ಬಳಿಯ ಸೈಟಿನ ಕ್ರಯಪತ್ರ ನೋಂದಣಿಯಾಗಿ ಮೂರು ವಾರ ಕಳೆದಿರಲಿಲ್ಲ, ನಮ್ಮ ತಂದೆಯವರ ಉಳಿತಾಯ ಖಾತೆಯಿಂದ ಒಂದೇ ಬೆಳಿಗ್ಗೆ ಹತ್ತು ಸಾವಿರದಂತೆ ಎರಡು ಸಲ ಹಣ ಹೋಯಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಎಟಿಎಂ ಕಾರ್ಡು ಬೀರುವಿನಲ್ಲೇ ಇತ್ತು. ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು ಎಂಬುದು ನಮಗೆ ಗೊತ್ತಾದದ್ದೇ ಆಗ. ನಮ್ಮ ವಿಷಯದಲ್ಲಿ ಅವು ಎಲ್ಲಿಂದ ಸೋರಿದವೆಂದು ಕೊನೆಗೂ ಖಚಿತವಾಗಲಿಲ್ಲ. ಆದರೆ ಆಸ್ತಿಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಹಣ ದೋಚುವ ಪ್ರಕರಣಗಳು ಆ ವರ್ಷ ಬೆಂಗಳೂರಿನಲ್ಲೇ ಬೆಳಕಿಗೆ ಬಂದಿದ್ದವು. ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತ ದೂರು ಕೊಟ್ಟಿದ್ದರಿಂದ ಹಣ ಮರಳಿತು.

ಆ ವಾರವೇ ಮನೆಯ ನಾಲ್ವರ ಬಯೋಮೆಟ್ರಿಕ್ಕನ್ನೂ ಎಂಆಧಾರ್ ಆ್ಯಪ್ ಮೂಲಕ ಲಾಕ್ ಮಾಡಿದೆ. ಇದಕ್ಕೆ ಖರ್ಚಿಲ್ಲ, ಐದು ನಿಮಿಷವೂ ಬೇಡ. ಲಾಕ್ ಆದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಇವುಗಳಲ್ಲಿ ಯಾವುದನ್ನು ತೋರಿಸಿದರೂ ದೃಢೀಕರಣವಾಗುವುದಿಲ್ಲ. ನಮಗೇ ಅಗತ್ಯ ಬಿದ್ದಾಗ ತಾತ್ಕಾಲಿಕವಾಗಿ ತೆರೆದರೆ ಹತ್ತು ನಿಮಿಷದ ನಂತರ ಅದು ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ.

ಈ ಹತ್ತು ನಿಮಿಷದ ಲೆಕ್ಕ ಕಾಗದದ ಮೇಲೆ ಚೆನ್ನ, ಸರತಿ ಸಾಲಿನಲ್ಲಿ ಮಾತ್ರ ತಲೆನೋವು. ಆ ನವೆಂಬರ್‌ನಲ್ಲಿ ತಂದೆಯವರ ಪಿಂಚಣಿಗೆ ಜೀವನ ಪ್ರಮಾಣ ಪತ್ರ ಮಾಡಿಸಲು ಹೋದಾಗ ಮೂರು ಸಲ ಬೆರಳಿಟ್ಟರೂ ಯಂತ್ರ ಒಪ್ಪಲಿಲ್ಲ. "ಸಾರ್, 330 ಅಂತ ತೋರಿಸ್ತಿದೆ, ಲಾಕ್ ಮಾಡಿಸಿದ್ದೀರಾ?" ಎಂದು ಕೌಂಟರಿನ ಹುಡುಗ ಕೇಳಿದ. ತಂದೆಯವರು ನನ್ನತ್ತ ತಿರುಗಿ, "ಏನೋ, ನನ್ನ ಬೆರಳಿಗೂ ಬೀಗ ಹಾಕ್ಬಿಟ್ಟಿದ್ದೀಯಾ?" ಎಂದರು. ಹಿಂದಿದ್ದವರೆಲ್ಲ ನಕ್ಕರು. ನಾನು ಮೊದಲೇ ತೆರೆದಿದ್ದೆ ನಿಜ, ಆದರೆ ಟೋಕನ್ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು. ಈಗ ನಮ್ಮ ಮುಂದೆ ಒಬ್ಬರೇ ಉಳಿದಾಗ ತೆರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನ್ಯಾಯಬೆಲೆ ಅಂಗಡಿ, ಹೊಸ ಸಿಮ್, ಎಲ್ಲೇ ಬೆರಳಿಡುವುದಿದ್ದರೂ ಇದೇ ಕ್ರಮ.

ಬೀಗಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಆ್ಯಪಿನಲ್ಲಿರುವ ದೃಢೀಕರಣದ ಇತಿಹಾಸ. ಹಿಂದಿನ ಆರು ತಿಂಗಳಲ್ಲಿ ನಮ್ಮ ಆಧಾರನ್ನು ಯಾವ ಸಂಸ್ಥೆ, ಯಾವಾಗ, ಬೆರಳಚ್ಚಿನಿಂದಲೋ ಓಟಿಪಿಯಿಂದಲೋ ಪರಿಶೀಲಿಸಿತು, ಅದು ಸಫಲವಾಯಿತೇ ವಿಫಲವಾಯಿತೇ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಪ್ರತಿ ತಿಂಗಳು ಕರೆಂಟ್ ಬಿಲ್ ಕಟ್ಟುವ ದಿನ ಇದನ್ನೂ ನೋಡುತ್ತೇನೆ. ಕಳೆದ ವರ್ಷ ಅಮ್ಮನ ಪಟ್ಟಿಯಲ್ಲಿ, ಅವರು ಮನೆಯಲ್ಲಿ ಮಲಗಿದ್ದ ಮಧ್ಯಾಹ್ನದ ಹೊತ್ತಿಗೆ ಬೆರಳಚ್ಚಿನ ಒಂದು ವಿಫಲ ಯತ್ನ ದಾಖಲಾಗಿತ್ತು, ಪಕ್ಕದಲ್ಲಿ ಅದೇ 330. ಲಾಕ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆದರೆ ಇದು ಒಂದು ಬಾಗಿಲಿನ ಬೀಗ ಅಷ್ಟೇ. ಬಯೋಮೆಟ್ರಿಕ್ ಲಾಕ್ ಇದ್ದರೂ ಓಟಿಪಿ ದೃಢೀಕರಣ ಎಂದಿನಂತೆ ನಡೆಯುತ್ತದೆ, ಹಾಗಾಗಿ ಫೋನಿನಲ್ಲಿ ಓಟಿಪಿ ಒಪ್ಪಿಸಿದವರನ್ನು ಇದು ಕಾಪಾಡದು. ಪ್ಯಾನ್ ಪ್ರತಿ ಬಳಸಿ ನಮ್ಮ ಹೆಸರಿನಲ್ಲಿ ಸಾಲ ಎತ್ತುವವರಿಗೂ ಇದು ಅಡ್ಡಿಯಲ್ಲ. ಅದಕ್ಕೆ ನಮ್ಮ ಹೆಸರಿನ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯನ್ನೇ ನೋಡಬೇಕು. ಸಿಬಿಲ್ ಸೇರಿದಂತೆ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾದ್ದರಿಂದ, ಮೂರು ತಿಂಗಳಿಗೊಂದರಂತೆ ಸರದಿಯಲ್ಲಿ ತರಿಸಿಕೊಳ್ಳುತ್ತೇನೆ. ನನ್ನ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡುತ್ತೇನೆ. ಬಾಡಿಗೆ ಕರಾರಿಗೆ, ಲಾಡ್ಜಿಗೆ ಕೊಡುವ ಜೆರಾಕ್ಸ್ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್‌ನದ್ದು. ಕೆಲವು ಬ್ರೋಕರ್‌ಗಳು "ಪೂರ್ತಿ ನಂಬರ್ ಇರೋದೇ ಬೇಕು" ಎಂದು ರಾಗ ಎಳೆಯುತ್ತಾರೆ, ಒಪ್ಪಬೇಕಾಗಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿತವಾದ ಒಂದು ಅಂಕ ವಯಸ್ಸಾದವರ ಪರವಾಗಿ, ಏಕೆಂದರೆ ಅವರಿಗೆ ಈ ತೆರೆಯುವ ಮುಚ್ಚುವ ಕೆಲಸಕ್ಕೆ ಮನೆಯಲ್ಲೊಬ್ಬರು ಬೇಕೇ ಬೇಕು. ಲಾಕ್ ಮಾಡುವ ಮೊದಲು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿದೆಯೇ ಎಂದು ತಪ್ಪದೆ ನೋಡಿಕೊಳ್ಳಿ. ನಮ್ಮ ಅತ್ತೆಯವರ ನಂಬರ್ ರೀಚಾರ್ಜ್ ಇಲ್ಲದೆ ಸ್ಥಗಿತವಾಗಿತ್ತು, ಅವರ ಲಾಕ್ ಮಾಡಿಸಲು ಮೊದಲು ನಂಬರ್ ಬದಲಿಸಿಕೊಳ್ಳಲೆಂದು ಆಧಾರ್ ಸೇವಾ ಕೇಂದ್ರದಲ್ಲಿ ಅರ್ಧ ದಿನ ಕೂರಬೇಕಾಯಿತು.