ತೊತ್ತೋ-ಚಾನ್ ಕೊಡಲೋ, ಚೋಮನ ದುಡಿ ಕೊಡಲೋ?

ಅಕ್ಕನ ಮಗಳಿಗೆ 11 ವರ್ಷ. ಶಾಲೆ ಬದಲಿಸಿ ಹುಬ್ಬಳ್ಳಿಗೆ ಬಂದ ಮೇಲೆ ಮಾತೇ ಕಡಿಮೆ. ಧಾರವಾಡದ ಪುಸ್ತಕದಂಗಡಿಯಲ್ಲಿ ಇವೆರಡನ್ನೂ ಹಿಡಿದು ನಿಂತೆ.

ತೊತ್ತೋ-ಚಾನ್ ಜಪಾನಿನ ಲೇಖಕಿ ತೆತ್ಸುಕೊ ಕುರೊಯಾನಗಿಯ ಬಾಲ್ಯದ ನೆನಪು, ಆದರೂ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ ರೈಲು ಡಬ್ಬಿಗಳ ಶಾಲೆ ಸೇರುತ್ತಾಳೆ. ಮೊದಲ ದಿನವೇ ಹೆಡ್‌ಮಾಸ್ತರರು 4 ತಾಸು ಅವಳ ಮಾತು ಕೇಳುತ್ತಾರೆ. ಪೋಲಿಯೋ ಆದ ಗೆಳೆಯನನ್ನು ಅವಳು ಮರ ಹತ್ತಿಸುವಾಗ ನನ್ನ ಮುಷ್ಟಿಯೂ ಬಿಗಿಯಾಗಿತ್ತು. ಮುಂದೆ ಅವನು ತೀರಿಕೊಳ್ಳುತ್ತಾನೆ. ಆ ಪುಟ ಓದುವಾಗ ಮಗುವಿನ ಪಕ್ಕದಲ್ಲಿ ಕೂತಿರಿ.

ಕಾರಂತರ ಚೋಮನ ದುಡಿ (1933) ಚಿಕ್ಕದು, ಭಾರ ಮಾತ್ರ ಜಾಸ್ತಿ. ಸಾಲ, ಜಾತಿ, ಸಾವು. ಚೋಮನಿಗೆ ಕೊನೆಗೂ ಭೂಮಿ ಸಿಗುವುದಿಲ್ಲ. ಮನೆಯಲ್ಲಿ ಸಾಲದ ಮಾತು ಕೇಳುತ್ತಲೇ ಬೆಳೆದ ಹತ್ತನೇ ತರಗತಿಯವರಿಗೆ ಇದನ್ನೇ ಕೊಡಿ, ಸುಮ್ನೆ ಸಮಾಧಾನ ಹೇಳುವುದಿಲ್ಲ.

ನಾನು ತೊತ್ತೋ-ಚಾನ್ ಕೊಂಡೆ. ಚೋಮ ಇನ್ನು 4 ವರ್ಷ ಕಾಯಲಿ.